ಚೆಂಡೆಗೊಂದು ಬಾಗಿಲು

ನಾನು ಚೆಂಡೆ ಕಲಿಯಲು ಶುರುಮಾಡಿದ್ದು ಕೆಲಸದಿಂದ ನಿವೃತ್ತಳಾದ ಮೇಲೆ. ಉಡುಪಿ ಕಡೆಯ ನಮ್ಮೂರಿನಲ್ಲಿ ನಾನು ಹುಡುಗಿಯಾಗಿದ್ದಾಗ ಚೆಂಡೆಯ ಹತ್ತಿರ ಹೋದರೆ, ಹೆಣ್ಣುಮಕ್ಕಳಿಗೆ ಯಾಕದು ಎಂದು ಕೈ ಹಿಡಿದು ಈಚೆಗೆ ಎಳೆಯುತ್ತಿದ್ದರು. ಆಮೇಲೆ ಮದುವೆ, ಡೊಂಬಿವಲಿ, ಮಹಾಪೆಯ ಕಾರ್ಖಾನೆಯೊಂದರ ಖರೀದಿ ವಿಭಾಗ. ವಾಲ್ವು, ಪೈಪು, ನಟ್ಟುಬೋಲ್ಟುಗಳ ದರ ಇಳಿಸುವುದರಲ್ಲೇ ಅರ್ಧ ಆಯುಷ್ಯ ಹೋಯಿತು. ಕೊನೆಗೆ ಭಾನುವಾರದ ಸಂಜೆಗಳು ನನ್ನ ಪಾಲಿಗೆ ಬಂದಾಗ ನಮ್ಮ ಕನ್ನಡ ಸಂಘದ ಚೆಂಡೆ ತರಗತಿಗೆ ಹೋಗಿ ಮಕ್ಕಳ ಸಾಲಿನಲ್ಲಿ ನಿಂತೆ. ಕಲಿಸುವವರು ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರು, ನನಗಿಂತ ಎಷ್ಟೋ ಚಿಕ್ಕವರು. ಹೊರಗೆ ಅವರು ನನ್ನನ್ನು ಅಕ್ಕಾ ಎನ್ನುತ್ತಾರೆ, ತರಗತಿಯಲ್ಲಿ ನಾನು ಅವರನ್ನು ಗುರುಗಳೇ ಎನ್ನುತ್ತೇನೆ. ನನ್ನ ಕೈ ನಿಧಾನ. ಮಕ್ಕಳು ಹಿಂದಿಯಲ್ಲಿ ಏನೋ ಪಿಸುಗುಟ್ಟಿ ನಗುತ್ತಾರೆ. ನಗಲಿ, ಕೋಲು ಕೈಗೆ ಬಂದಾಗ ನನಗಾಗುವಷ್ಟು ಖುಷಿ ಆ ಮಕ್ಕಳಲ್ಲಿ ಯಾರಿಗೂ ಆಗುವುದಿಲ್ಲ ಎಂಬ ಧೈರ್ಯ ನನಗಿದೆ.

ಸಂಘವಿದ್ದ ಹಳೆಯ ಕಟ್ಟಡ ಕೆಡವಿ ಹೊಸದು ಎದ್ದಾಗ ಸಂಘಕ್ಕೆ ನೆಲಮಹಡಿಯಲ್ಲಿ, ರಸ್ತೆಗೆ ಮುಖಮಾಡಿ, ಅಂಗಡಿ ಇಡುವಂಥ ಒಂದು ಮಳಿಗೆ, ಇಲ್ಲಿಯವರು ಹೇಳುವ ಗಾಳಾ, ಸಿಕ್ಕಿತು. ಎದುರಿಗೆ ಬಾಗಿಲಿಲ್ಲ, ಬಿಲ್ಡರ್ ಹಾಕಿಕೊಟ್ಟ ಕಬ್ಬಿಣದ ಶಟರು ಅಷ್ಟೇ. ಮೊದಲ ಭಾನುವಾರ ಶಟರು ಅರ್ಧ ಎಳೆದು ತರಗತಿ ಶುರುಮಾಡಿದೆವು. ನಾವು ಬಾರಿಸಿದ ಹಾಗೆಲ್ಲ ಶಟರೂ ಗಡಗಡ ಎನ್ನುತ್ತ ನಮ್ಮ ಜೊತೆ ಬಾರಿಸಿತು. ಸ್ವಲ್ಪ ಹೊತ್ತಿಗೆ ಮೊದಲ ಮಹಡಿಯ ಮರಾಠಿ ಆಜಿ ಇಳಿದು ಬಂದರು. ಬೆಳ್ಳಗಿನ ಕೂದಲು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಬೈಯಲಿಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಮೇಲೆ ಹೋದರು, ಇನ್ನೆರಡು ಭಾನುವಾರ ಕಳೆದ ಮೇಲೆ ಕಟ್ಟಡದ ಸೊಸೈಟಿಗೆ ದೂರು ಕೊಟ್ಟರು.

ಸೊಸೈಟಿಯವರು ಸಭೆ ಸೇರಿಸಿ ತೀರ್ಮಾನ ಹೇಳಿದರು. ದೀಪಾವಳಿಯೊಳಗೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ, ಆಮೇಲೂ ಮೊದಲ ಮಹಡಿಗೆ ಚೆಂಡೆ ಕೇಳಿಸಿದರೆ ತರಗತಿ ಬಂದ್, ಬೇಕಾದರೆ ಅಲ್ಲಿ ಪುಸ್ತಕ ಇಟ್ಟುಕೊಂಡು ಓದಿಕೊಳ್ಳಿ. ಮಕ್ಕಳಿಗಾದರೆ ನಾಳೆ ಇನ್ನೊಂದು ತರಗತಿ ಸಿಗುತ್ತದೆ, ಕರಾಟೆಗೋ ಕೀಬೋರ್ಡಿಗೋ ಹೋಗುತ್ತಾರೆ. ನಾನೆಲ್ಲಿಗೆ ಹೋಗಲಿ? ಮನೆಯಲ್ಲಿ ದಿಂಬಿನ ಮೇಲೆ ಬಾರಿಸುತ್ತಿದ್ದೆ, ಅದರ ಹತ್ತಿಯೆಲ್ಲ ಒಂದು ಮೂಲೆಗೆ ಹೋಗಿದೆ ಎಂದು ಯಜಮಾನರು ಆಗಲೇ ಗೊಣಗುತ್ತಿದ್ದರು. ಇಷ್ಟು ತಡವಾಗಿ ಕೈಗೆ ಬಂದದ್ದು ಇಷ್ಟು ಬೇಗ ತಪ್ಪಿಹೋಗುತ್ತದಲ್ಲ ಎಂದು ನನಗೆ ನಿಜಕ್ಕೂ ಅಳು ಬಂತು.

ಸಂಘದವರು ಗೋಡೆಗೂ ಚಾವಣಿಗೂ ಸದ್ದು ಹೀರುವ ಹಲಗೆ ಹೊಡೆಸಿದರು, ಹಿಂದಿನ ಕಿಟಕಿ ಮುಚ್ಚಿಸಿದರು. ಉಳಿದದ್ದು ಬಾಗಿಲು. ನೀವು ಖರೀದಿಯಲ್ಲಿದ್ದವರು, ಬಾಗಿಲು ನಿಮ್ಮ ಜವಾಬ್ದಾರಿ ಎಂದು ನನ್ನ ತಲೆಗೆ ಕಟ್ಟಿದರು. ನಾನೂ ಉಬ್ಬಿಹೋದೆ. ವಾಲ್ವು ಖರೀದಿಸಿದವಳಿಗೆ ಬಾಗಿಲು ಯಾವ ಲೆಕ್ಕ ಎಂದುಕೊಂಡೆ.

ಕಮಿಟಿಯ ಅರ್ಧ ಜನಕ್ಕೆ ಗಾಜಿನ ಬಾಗಿಲೇ ಬೇಕಿತ್ತು, ಎದುರಿನ ಕೇಕ್ ಅಂಗಡಿಗೆ ಇದೆಯಲ್ಲ ಎಂದು. ಚೆಂಡೆಗೂ ಕೇಕಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಅವರ ಬಾಯಿ ಮುಚ್ಚಿಸಿದೆ. ಉಲ್ಹಾಸನಗರದ ಬಡಗಿಯೊಬ್ಬ ಎರಡು ಪ್ಲೈವುಡ್ಡಿನ ನಡುವೆ ಥರ್ಮಾಕೋಲ್ ತುಂಬಿದ ಬಾಗಿಲು ತೋರಿಸಿದ. ಬೆರಳಿನಿಂದ ತಟ್ಟಿ ನೋಡಿದರೆ ಅದೇ ಒಂದು ಮದ್ದಳೆಯ ಹಾಗೆ ನುಡಿಯಿತು. ಭಿವಂಡಿಯಲ್ಲಿ ಆಸ್ಪತ್ರೆ, ಸಿನಿಮಾ ಹಾಲುಗಳಿಗೆಲ್ಲ ಬಾಗಿಲು ಕೊಡುವ ದೊಡ್ಡ ಗೋದಾಮು ಇದೆಯೆಂದು ಯಾರೋ ಹೇಳಿದರು. ಗುರುಗಳು ಹೋಟೆಲಿಗೆ ರಜೆ ಹಾಕಿದರು. ಚೆಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಹೊರಟೆವು. ಮದುವೆ ಎಲ್ಲಿ ಎಂದು ರಿಕ್ಷಾದವನು ಕೇಳಿದ.

ಗೋದಾಮಿನ ತುಂಬ ಬಾಗಿಲುಗಳು ಸಾಲಾಗಿ ಗೋಡೆಗೊರಗಿ ನಿಂತಿದ್ದವು. ಹಿಂದೆ ಒಂದು ಸಣ್ಣ ಕೋಣೆ, ಅದರ ಚೌಕಟ್ಟಿಗೆ ಬೇಕಾದ ಬಾಗಿಲು ಸಿಕ್ಕಿಸಿ ತೋರಿಸುತ್ತಾರೆ. ಅಂಗಡಿಯವರು ಕಂಪನಿಯ ಕಾಗದ ತೆಗೆದು ಇದು ಇಷ್ಟು ಸದ್ದು ತಡೆಯುತ್ತದೆ, ಅದು ಅಷ್ಟು ತಡೆಯುತ್ತದೆ ಎಂದು ಓದತೊಡಗಿದರು. ಇಂಥ ಕಾಗದ ನಾನು ಬೇಕಾದಷ್ಟು ನೋಡಿದ್ದೇನೆ, ಬಾರಿಸಿಯೇ ನೋಡೋಣ ಎಂದೆ. ಕಬ್ಬಿಣದ ಒಂದು ಫೈರ್ ಡೋರ್ ಸಿಕ್ಕಿಸಿದರು. ಕಿವಿ ಚುರುಕಿರುವುದು ಗುರುಗಳದು, ಹಾಗಾಗಿ ಅವರು ಹೊರಗೆ ನಿಂತರು. ನಾನು ಒಳಗೆ ನಿಂತು ಕೈ ನೋಯುವಷ್ಟು ಬಾರಿಸಿದೆ. ಬಾಗಿಲು ತೆರೆದಾಗ ಅವರ ಮುಖ ಅರಳಿತ್ತು. "ಎಂತದೂ ಕೇಳುದಿಲ್ಲ ಅಕ್ಕಾ," ಎಂದರು.

ಅಲ್ಲಿಯೇ ವ್ಯಾಪಾರ ಮುಗಿಸಿದೆ. ಒಂದೇ ಓಟದಲ್ಲಿ ಕೆಲಸ ಮುಗಿಸಿದ ಜಂಬದಲ್ಲಿ ಕಲ್ಯಾಣಕ್ಕೆ ಬಂದು ಗುರುಗಳ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು. ಆ ವಾರವೇ ಬಾಗಿಲು ಬಂತು, ಕೂತಿತು. ಭಾನುವಾರ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಶುರುಮಾಡಿದೆವು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬಾಗಿಲು ತೆರೆಯಿತು. ಆಜಿ ನಿಂತಿದ್ದರು.

"ಐಕೂ ಯೇತಂಯ," ಎಂದರು. ಕೇಳಿಸುತ್ತಿದೆ.

ಗುರುಗಳು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಗ ನನ್ನ ತಲೆಯೊಳಗೆ ಭಿವಂಡಿ ಸದ್ದು ಮಾಡಿತು. ಆ ಗೋದಾಮಿನ ಎಡಕ್ಕೂ ಬಲಕ್ಕೂ ಪವರ್‌ಲೂಮು, ಬೀದಿಯುದ್ದಕ್ಕೂ ಖಟ್ ಖಟ್ ಖಟ್. ಅಲ್ಲಿ ಬಾಗಿಲೇ ಇಲ್ಲದಿದ್ದರೂ ಚೆಂಡೆ ಕೇಳಿಸುತ್ತಿರಲಿಲ್ಲ. ಎಷ್ಟು ದೂರದಲ್ಲಿ ಯಕ್ಷಗಾನದ ಆಟವಾದರೂ ಚೆಂಡೆಯ ದನಿ ಹಿಡಿದು ಗದ್ದೆ ದಾಟಿ ಹೋಗುತ್ತಿದ್ದ ಜನ ನಾವು. ಚೆಂಡೆ ಇದ್ದರೆ ನಮ್ಮ ಕಿವಿಗೆ ಬಿದ್ದೇ ಬೀಳುತ್ತದೆ ಎಂಬ ಸೊಕ್ಕು. ಮಗ್ಗದ ಊರಿಗೆ ಹೋಗಿ ಸದ್ದು ಅಳೆದು ಬಂದಿದ್ದೆವು. ರಾತ್ರಿ ಮನೆಯಲ್ಲಿ ಈ ಸಂಗತಿ ಕೇಳಿ ಯಜಮಾನರು ನಕ್ಕ ನಗೆಗೆ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು.

ಅವತ್ತು ಆಜಿ ತಕ್ಷಣ ಹೋಗಲಿಲ್ಲ. ನಾನು ಕುರ್ಚಿ ಕೊಟ್ಟೆ, ಕೂತರು. ತಮ್ಮ ಯಜಮಾನರು ಭಜನಾ ಮಂಡಳಿಯಲ್ಲಿ ಪಖವಾಜ್ ನುಡಿಸುತ್ತಿದ್ದರು, ಸದ್ದು ತಮಗೆ ಹೊಸದಲ್ಲ ಎಂದರು. ಮತ್ತೆ ದೂರು ಯಾಕೆ ಕೊಟ್ಟಿರಿ ಎಂದು ಕೇಳಿದೆ. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಇಲ್ಲಿ ಯಾರೋ ಒಬ್ಬರಿದ್ದಾರೆ. ಚೆನ್ನಾಗಿ ಬಾರಿಸಿಕೊಂಡು ಬಂದು ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲಿಸಿಬಿಡುತ್ತಾರೆ. ನನ್ನ ಕಿವಿ ಮುಂದಿನದಕ್ಕೆ ಕಾಯುತ್ತದೆ. ಅದು ಬರುವುದೇ ಇಲ್ಲ. ರಾತ್ರಿ ಮಲಗಿದರೂ ಕಾಯುತ್ತಲೇ ಇರುತ್ತೇನೆ."

ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಪದ್ಯ ಮುಗಿಸುವಾಗ ಬಾರಿಸುವ ಮುಕ್ತಾಯ ನನಗೆ ಬರುತ್ತಿರಲಿಲ್ಲ. ಅದರ ನಡುಮಧ್ಯಕ್ಕೆ ಬಂದಾಗ ಎಲ್ಲರೂ ಕೇಳುತ್ತಿದ್ದಾರೆ ಎನ್ನಿಸಿ ಕೈ ಗಕ್ಕೆಂದು ನಿಲ್ಲುತ್ತಿತ್ತು. ನನ್ನ ಮುಖ ಬಿಸಿಯಾಯಿತು. ಆದರೂ ಖರೀದಿಯವಳ ಬುದ್ಧಿ ಎಲ್ಲಿ ಹೋಗುತ್ತದೆ? ತೃಪ್ತಿಯಾಗಬೇಕಾದದ್ದು ಈ ಕಿವಿಗೆ ಎಂದಮೇಲೆ ಬಾಗಿಲು ಆರಿಸಬೇಕಾದದ್ದೂ ಇದೇ ಕಿವಿ. ಆಜಿ, ನಮ್ಮ ಜೊತೆ ಭಿವಂಡಿಗೆ ಬರುತ್ತೀರಾ ಎಂದೆ. ಯಾವಾಗ ಎಂದು ಮಾತ್ರ ಕೇಳಿದರು.

ಗೋದಾಮಿನವರ ಹತ್ತಿರ ಫೋನಿನಲ್ಲಿ ಜಗಳಾಡಿ, ಬಾಗಿಲು ವಾಪಸು ತೆಗೆದುಕೊಳ್ಳಲು ಒಪ್ಪಿಸಿದೆ. ಮಗ್ಗಗಳಿಗೆ ರಜೆ ಇರುವ ದಿನ ಬನ್ನಿ ಎಂದು ಅವರೇ ನಗುತ್ತ ಹೇಳಿದರು. ಅವತ್ತು ಭಿವಂಡಿಯ ಆ ಬೀದಿ ಎಷ್ಟು ಮೌನವಾಗಿತ್ತೆಂದರೆ ರಿಕ್ಷಾದಿಂದ ಇಳಿದಾಗ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸಿತು. ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಜಿ ಕೂತರು, ಪಕ್ಕದಲ್ಲಿ ಗುರುಗಳು. ಮತ್ತೆ ಬಾರಿಸುವ ಪಾಳಿ ನನ್ನದೇ, ಏಕೆಂದರೆ ಆಜಿಗೆ ಕೇಳಿಸಬಾರದಾಗಿದ್ದದ್ದು ನನ್ನ ಚೆಂಡೆಯೇ ತಾನೆ.

ದಪ್ಪ ಮರದ ಬಾಗಿಲು ಹಾಕಿದರು. ಕೇಳಿಸುತ್ತಿದೆ ಎಂದರು ಆಜಿ. ಎರಡು ಪದರದ ಗಾಜು ಹಾಕಿದರು. ಕೇಳಿಸುತ್ತಿದೆ, ಅಡಿಯಿಂದ ಬರುತ್ತಿದೆ ಎಂದರು. ಅಂಗಡಿಯವರು ಬಗ್ಗಿ ನೋಡಿದರೆ ಬಾಗಿಲಿನ ಕೆಳಗೆ ಕೂದಲೆಳೆಯಷ್ಟು ಬೆಳಕು. ದಪ್ಪ ಎಷ್ಟಿದ್ದರೂ ಸಂದಿಯಿದ್ದರೆ ಸದ್ದು ಹೊರಗೆ ಬಂದೇ ಬರುತ್ತದೆ ಎಂದು ಅವರು ಆಗ ಬಾಯಿಬಿಟ್ಟರು. ಹೋದಸಲವೇ ಹೇಳಬಾರದಿತ್ತೇ ಎಂದರೆ, ನೀವು ಕಾಗದ ಓದಲು ಬಿಟ್ಟಿರಾ ಎಂದು ತಿರುಗಿ ಕೇಳಿದರು. ಕೊನೆಗೆ ಸುತ್ತಲೂ ರಬ್ಬರ್ ಪಟ್ಟಿ ಇದ್ದ ಕಬ್ಬಿಣದ ಬಾಗಿಲೊಂದನ್ನು ತಂದರು. ಮುಚ್ಚಿದೊಡನೆ ಅದರ ಅಡಿಯಿಂದ ಇನ್ನೊಂದು ಪಟ್ಟಿ ತಾನೇ ಇಳಿದು ನೆಲಕ್ಕೆ ಕೂರುತ್ತದೆ. ಭಾರವಿದ್ದರೂ ಒಳಗಿನಿಂದ ಸರಳನ್ನು ಒತ್ತಿದರೆ ಸಣ್ಣ ಮಕ್ಕಳಿಗೂ ಹೊರಕ್ಕೆ ತೆರೆಯಲು ಬರುತ್ತದೆ. ಅದನ್ನು ನಾನೇ ತೆರೆದು ಮುಚ್ಚಿ ನೋಡಿ ಒಳಗೆ ಹೋದೆ.

ಬಾಗಿಲು ಕೂತ ಮೇಲೆ ಹೊರಗಿನ ಲೋಕ ಅಲ್ಲಿಗೇ ಮುಗಿದಂತಾಯಿತು. ಮಕ್ಕಳಿಲ್ಲ, ಗುರುಗಳಿಲ್ಲ, ಮೊದಲ ಮಹಡಿಯಿಲ್ಲ. ನನ್ನ ಉಸಿರು, ಚೆಂಡೆ, ಎರಡು ಕೋಲು. ಶುರುಮಾಡಿದೆ. ಆ ಜಾಗ ಬಂತು, ಕೈ ನಿಲ್ಲಲಿಲ್ಲ. ಇನ್ನೇನು ತಪ್ಪುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಮುಕ್ತಾಯದ ಕೊನೆಯ ಪೆಟ್ಟು ಬಿದ್ದು ಆಗಿತ್ತು, ತಾಳಕ್ಕೆ ಸರಿಯಾಗಿ. ಕೋಲು ಹಿಡಿದುಕೊಂಡು ಹಾಗೆಯೇ ನಿಂತೆ. ಕಣ್ಣು ತುಂಬಿ ಬಂತು.

ಸರಳು ಒತ್ತಿ ಹೊರಗೆ ಬಂದೆ. ಆಜಿ ಬೇಸರದಿಂದ ನನ್ನ ಕಡೆ ನೋಡಿ, ಎಷ್ಟು ಹೊತ್ತು ಕಾಯಿಸುತ್ತೀ, ಯಾವಾಗ ಶುರುಮಾಡುತ್ತೀ ಎಂದು ಕೇಳಿದರು.

"ಬಾರಿಸಿ ಆಯಿತು ಆಜಿ," ಎಂದೆ. "ಪೂರ್ತಿ ಬಾರಿಸಿದೆ. ನಿಲ್ಲಿಸದೆ."

ಗುರುಗಳು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಇದನ್ನೇ ಕೊಡಿ ಎಂದು ಅಂಗಡಿಯವರಿಗೆ ಹೇಳಿದರು. ತರಗತಿ ಉಳಿಯಿತು ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಜನ್ಮದಲ್ಲಿ ಒಂದು ಸಲ ಸರಿಯಾಗಿ ಬಾರಿಸಿದ್ದು ಯಾರ ಕಿವಿಗೂ ಬೀಳಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು. ಆಜಿ ಎದ್ದರು. ಕುರ್ಚಿಯನ್ನು ತಾವೇ ಎಳೆದುಕೊಂಡು ಕೋಣೆಯೊಳಗೆ ಹೋಗಿ ಚೆಂಡೆಯ ಎದುರಿಗೇ ಕೂತರು. ಅಂಗಡಿಯವರು ಬಾಗಿಲು ಮುಚ್ಚಲು ಬಂದಾಗ, ಬೇಡ, ತೆರೆದೇ ಇರಲಿ ಎಂದರು.

"ಆತಾ ವಾಜವ," ಎಂದರು ನನಗೆ. ಈಗ ಬಾರಿಸು.