ಮೂರೆಳೆಯ ವಜೀರ್ ಸಾಹೇಬರು

ಪ್ರತಿ ಕಿಮೋ ವಾರ್ಡಿಗೂ ಒಬ್ಬ ಯಜಮಾನನಿರುತ್ತಾನೆ, ಅವನು ಡಾಕ್ಟರಲ್ಲ. ನಮ್ಮ ವಾರ್ಡಿನಲ್ಲಿ ಆ ಗಾದಿ ವಿಜಯಪುರದ ರೇಷ್ಮೆ ಹುರಿ ಕಾರ್ಖಾನೆಯ ವಜೀರ್ ಸಾಹೇಬರದು. ಹೊಟ್ಟೆಯ ಕ್ಯಾನ್ಸರಿಗೆ ಸೂಜಿ ಚುಚ್ಚಿಸಿಕೊಂಡು ಕೂತಲ್ಲಿಂದಲೇ ಫ್ಯಾನು ಯಾರತ್ತ ತಿರುಗಬೇಕು, ಯಾವ ನರ್ಸಿನ ಕೈ ಹಗುರ ಎಂಬುದನ್ನೆಲ್ಲ ಅವರೇ ತೀರ್ಮಾನಿಸುತ್ತಾರೆ. ಡ್ರಿಪ್ಪಿನ ಕೊಳವೆಯನ್ನು ಬೆಳಕಿಗೆ ಹಿಡಿದು, ನೂಲಿನಲ್ಲಿ ಗಂಟು ಹುಡುಕುವಂತೆ ಗುಳ್ಳೆ ಹುಡುಕುತ್ತಾರೆ. ಅದೇ ಕಾಯಿಲೆಯ ನನ್ನ ಭಾವ ಪಾಪಯ್ಯ ಮೊದಲ ದಿನ ನಡುಗುತ್ತಾ ಕೂತಾಗ, "ಏನಪ್ಪಾ, ಹೆದರ್ಕೊಂಡ್ಬಿಟ್ಯಾ? ಒಂದೆಳೆ ಆದ್ರೆ ಪಟ್ಟಂತ ಕಿತ್ತೋಗುತ್ತೆ. ಅದಕ್ಕೇ ಮೂರು ಔಷಧಿ ಸೇರಿಸಿ ಹುರಿ ಹಾಕಿದ್ದಾರೆ, ಆನೆ ಕಟ್ಬಹುದು!" ಎಂದು ನಗಿಸಿದರು. ಇವರು ಗೆದ್ದೇಬಿಟ್ಟವರು ಅಂದುಕೊಂಡು ನಾನು, "ನಿಮ್ಮಂಗೇ ಭಾವನೂ ವಾಸಿಯಾಗ್ಲಿ ಸಾಹೇಬ್ರೆ" ಎಂದೆ. ಅವರು ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು: "ಅರೆ, ವಾಸಿಯಾಗೋಕಲ್ಲ ಕಣಪ್ಪಾ ಇದು. ನಂಗೆ ಲಿವರ್‌ಗೂ ಹರಡಿದೆ. ಮಗಳು ಇಲ್ಮಾ ಕಾರ್ಖಾನೆ ನಡ್ಸೋದು ಕಲಿಯೋವರೆಗೂ ಟೈಮ್ ಸಿಕ್ರೆ ಸಾಕು ಅಂತ ಹಾಕಿಸ್ಕೊತಾ ಇದೀನಿ. ನಿಮ್ಗೆ ಡಾಕ್ಟ್ರು ಏನಂದ್ರು?" ಡಾಕ್ಟರು ಹೇಳಲು ಬಾಯಿ ತೆರೆದಾಗಲೆಲ್ಲ, "ನೀವೇ ದೇವ್ರು ಸಾರ್" ಎಂದು ಕೈ ಮುಗಿದು ಎದ್ದು ಬಂದವರು ನಾವೇ.