ಬೆಳ್ಳಿಯಣ್ಣನ ಕರ್ಚೀಫು

ಹೆಲಿಕಾಪ್ಟರಿನ ಮುಂಗಾಜಿಗೆ ನೀಲಗಿರಿ ತೈಲ ಹಚ್ಚಿದವನು ನಾನು. ಬೆಳ್ಳಿಯಣ್ಣನಲ್ಲ. ನೋಡಿ, ಎಷ್ಟು ಚಿಕ್ಕ ಮಾತು — ಒಂದೇ ಉಸಿರಿಗೆ ಮುಗಿದುಹೋಯಿತು. ಹೇಳಬೇಕಾಗಿದ್ದ ದಿನ ಇದನ್ನು ಹೇಳಿದ್ದರೆ ಆ ಮನುಷ್ಯ ತನ್ನ ಕೈಯನ್ನು ತಾನೇ ಅನುಮಾನಿಸುತ್ತ ಸಾಯಬೇಕಾಗಿರಲಿಲ್ಲ. ಈಗ ಹೇಳುತ್ತಿದ್ದೇನೆ, ಅವನನ್ನು ಮಣ್ಣು ಮಾಡಿ ಬಂದ ಮೇಲೆ. ಎಂಥ ಧೀರ ನಾನು!

ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದ ಮನೆತನ. ಊಟಿಯಲ್ಲಿ ಅಪ್ಪನ ತೈಲದಂಗಡಿ ಇತ್ತು, ಈಗ ಅದನ್ನು ತಮ್ಮ ನೋಡಿಕೊಳ್ಳುತ್ತಾನೆ. ನೆಗಡಿಗೂ ನಮಗೆ ನೀಲಗಿರಿ ತೈಲವೇ, ಮಂಡಿನೋವಿಗೂ ಅದೇ, ಹೊಸ ಸ್ಟೀಲ್ ಪಾತ್ರೆಯ ಮೇಲಿನ ಚೀಟಿಯ ಅಂಟು ಬಿಡಿಸಲಿಕ್ಕೂ ಅದೇ. ಅವ್ವ ಬೆರಳ ತುದಿಯಲ್ಲಿ ಒಂದು ಹನಿ ಹಚ್ಚಿ ಉಜ್ಜಿದರೆ ಅಂಟಿದ್ದ ಗುರುತೂ ಉಳಿಯುತ್ತಿರಲಿಲ್ಲ. ಆ ಮನೆಜಾಣತನವನ್ನೇ ನಾನು ಕೆಲಸಕ್ಕೂ ಹೊತ್ತುಕೊಂಡು ಹೋದೆ.

ಕೆಲಸವೆಂದರೆ ಕೋತಗಿರಿಯ ಆಚೆ, ಒಂದು ಎಸ್ಟೇಟಿನ ಮೈದಾನದಲ್ಲಿ ನಿಲ್ಲುತ್ತಿದ್ದ ಬಾಡಿಗೆ ಹೆಲಿಕಾಪ್ಟರನ್ನು ತೊಳೆಯುವುದು, ಹೊದಿಸುವುದು, ಕಾಯುವುದು. ನನಗೆ ಅದನ್ನು ಕಲಿಸಿದವನು ಕಟ್ಟಬೆಟ್ಟಿನ ಬೆಳ್ಳಿಯಣ್ಣ. ನೀಲಗಿರಿ ಬೆಟ್ಟದ ಬಡಗ ಜನದವನು, ಊರಲ್ಲಿ ತುಂಡು ಟೀ ತೋಟ. ವಯಸ್ಸಿನಲ್ಲಿ ಕೊಯಮತ್ತೂರಿನ ಕಡೆ ವಿಮಾನ ತೊಳೆದು ಪಳಗಿದ ಕೈ. ನನ್ನ ಜೊತೆ ಅರ್ಧ ತಮ್ಮ ಬಡಗು ನುಡಿಯಲ್ಲಿ, ಅರ್ಧ ನಮ್ಮ ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದ.

"ಇದು ಗಾಜು ಇಲ್ಲೆ ತಮ್ಮ, ಪ್ಲಾಸ್ಟಿಕ್ಕು. ಧೂಳಿರುವಾಗ ಒಣಬಟ್ಟೆ ಇಟ್ಟೆಯೋ, ಉಪ್ಪುಕಾಗದ ಹಾಕಿ ಕೆರೆದ ಹಾಗೆ."

ಮೊದಲು ನೀರು, ಧಾರಾಳವಾಗಿ. ಆಮೇಲೆ ಉಂಗುರ, ವಾಚು ಬಿಚ್ಚಿಟ್ಟ ಬರಿಗೈ — ಸೋಪುನೀರಿನೊಳಗೆ ಅಂಗೈಯಾಡಿಸಿ ಒಂದು ಮರಳಕಾಳೂ ಇಲ್ಲವೆಂದು ಖಾತ್ರಿಯಾಗುವವರೆಗೆ ಬಟ್ಟೆ ಮುಟ್ಟುವಂತಿಲ್ಲ. ಬಟ್ಟೆ ಮೆತ್ತನೆಯ ಹತ್ತಿಯದು, ಆ ಗಾಜಿಗೆಂದೇ ಬೇರೆ ಇಟ್ಟದ್ದು. ಸುತ್ತಿ ಸುತ್ತಿ ಉಜ್ಜಬಾರದು. ಮೇಲಿನಿಂದ ಕೆಳಕ್ಕೆ ನೇರ. ಕೊಳೆಯ ಮೇಲೆ ಹೊದಿಕೆ ಹಾಕಿದರೆ ಗಾಳಿಗೆ ಬಡಿದು ಹೊದಿಕೆಯೇ ಗೀರುತ್ತದೆ. ಸ್ಪಿರಿಟ್ಟು, ಪೆಟ್ರೋಲು, ಮನೆಯ ಕಿಟಕಿಗೆ ಹೊಡೆಯುವ ನೀಲಿ ನೀರು — ಹತ್ತಿರ ಕೂಡ ತರಬಾರದು. ಅವನು ಅಂಗೈಯಾಡಿಸುವುದನ್ನು ನೋಡಿ ಒಮ್ಮೆ ರೇಗಿಸಿದ್ದೆ, ನಿನ್ನ ಹೆಂಡತಿ ನಂಜಿಯಕ್ಕನ ಕೆನ್ನೆಯನ್ನೂ ಹೀಗೇ ಸವರುತ್ತೀಯಾ ಅಣ್ಣ ಎಂದು. "ಅವಳು ಬಿಟ್ಟಾಳಾ? ಕೈಯ ಮುರಿದಾಳು!" ಎಂದು ಮೈದಾನವೆಲ್ಲ ಕೇಳುವಂತೆ ನಕ್ಕಿದ್ದ.

ಅವನಿಗೆ ವರ್ಷವಿಡೀ ಮೂಗು ಕಟ್ಟುವ ಕಾಯಿಲೆ. ತೈಲದಲ್ಲಿ ನೆನೆದ ಕರ್ಚೀಫು ಸದಾ ಜೊತೆಗೆ, ತೈಲ ನಮ್ಮ ಅಂಗಡಿಯದೇ. ಆದರೆ ಯಂತ್ರದ ಹತ್ತಿರ ಬರುವ ಮೊದಲು ಅದನ್ನು ಗೇಟಿನ ಮೊಳೆಗೆ ಸಿಕ್ಕಿಸಿ, ಸೋಪು ಹಾಕಿ ಕೈ ತೊಳೆದೇ ಬರುತ್ತಿದ್ದ. ಇದನ್ನು ನಾನು ದಿನವೂ ನೋಡಿದ್ದೇನೆ. ನನ್ನಷ್ಟು ಚೆನ್ನಾಗಿ ಯಾರೂ ನೋಡಿಲ್ಲ —

ಮಳೆಗಾಲದ ಮೊದಲು ಒಂದು ಮದುವೆಗೆ ಹೆಲಿಕಾಪ್ಟರು ಹೋಗಿತ್ತು. ಹೆಣ್ಣಿನ ಕಡೆಯವರು ಮುಂಗಾಜಿಗೆ ಟೇಪು ಅಂಟಿಸಿ ಹೂವು ಕಟ್ಟಿಬಿಟ್ಟಿದ್ದರು. ಹೂವು ಬಂತು, ಟೇಪು ಬಂತು, ಅಂಟು ಬರಲಿಲ್ಲ. ಬೆಳ್ಳಿಯಣ್ಣ ಆ ದಿನ ರಜ. ಸೋಪುನೀರು ಹಾಕಿ ಹಾಕಿ ನನಗೆ ಸಾಕಾಯಿತು. ಜೇಬಿನಲ್ಲಿ ಸಣ್ಣ ಸೀಸೆ ಇತ್ತು. ಹತ್ತಿಗೆ ಒಂದಿಷ್ಟು ತೈಲ — ಅಂಟು ಬೆಣ್ಣೆಯ ಹಾಗೆ ಕರಗಿತು. ಸಿಳ್ಳೆ ಹಾಕುತ್ತ ಅಂಚಿನ ತಿರುಪುಗಳವರೆಗೂ ಒರೆಸಿದೆ. ಹತ್ತಿಯನ್ನು ಒರೆಸುವ ಬಟ್ಟೆಗಳ ಪೆಟ್ಟಿಗೆಯ ತಳಕ್ಕೆ ತುರುಕಿದೆ.

ಮರುದಿನ ಬೆಳ್ಳಿಯಣ್ಣ ಗಾಜು ಸವರಿ ಬೆರಗಾದ. "ಹೆಂಗ ತೆಗೆದೆ ತಮ್ಮ?"

"ಸೋಪುನೀರಲ್ಲೇ ಅಣ್ಣ. ತಾಳ್ಮೆ ಬೇಕು ಅಷ್ಟೆ."

"ಭಲೇ!" ಎಂದು ಬೆನ್ನು ತಟ್ಟಿದ. ಆ ಭಲೇ ನನಗೆ ಬೇಕಾಗಿತ್ತು.

ಆಮೇಲೆ ಮಂಜು ಇಳಿಯಿತು. ವಾರಗಟ್ಟಲೆ ಬಿಸಿಲಿಲ್ಲ, ಹಾರಾಟವೂ ಇಲ್ಲ. ತೈಲ ಕುಡಿದ ಪ್ಲಾಸ್ಟಿಕ್ಕಿನ ಒಳಗೆ ಕೂದಲಿಗಿಂತ ಸಣ್ಣ ಬಿರುಕುಗಳು ಏಳುತ್ತಿದ್ದವಂತೆ — ಕೈಗೆ ಸಿಗದವು, ಓರೆಬಿಸಿಲು ಬಿದ್ದರೆ ಮಾತ್ರ ಕಾಣುವಂಥವು. ಮೋಡ ಸರಿದ ಮೊದಲ ಸಂಜೆ ಪೈಲಟ್ ಪ್ರಯಾಣಿಕರೊಡನೆ ಮರಳಿ ಬರುತ್ತ ಇಳಿಯಲೆಂದು ಸೂರ್ಯನ ಕಡೆ ತಿರುಗಿದ. ಗಾಜು ಪೂರಾ ಹಾಲಿನಂತೆ ಬೆಳ್ಳಗಾಯಿತು. ಕುರುಡನಂತೆ ಅಂದಾಜಿನಲ್ಲಿ ಇಳಿಸಿದ. ಟೀ ಗಿಡಗಳ ಮೇಲೆ ಕುಕ್ಕಿ ವಾಲಿ ನಿಂತಿತು, ಸಿಲ್ವರ್ ಓಕ್ ಮರದ ಪಕ್ಕದಲ್ಲೇ. ಯಾರಿಗೂ ಏನೂ ಆಗಲಿಲ್ಲ. ಪೈಲಟ್ ಇಳಿದವನೇ ನೆಲದ ಮೇಲೆ ಕುಳಿತುಬಿಟ್ಟ.

ವಿಚಾರಣೆಗೆ ಎಂಜಿನಿಯರ್ ಒಬ್ಬರು ಬಂದರು. ಬಟ್ಟೆಪೆಟ್ಟಿಗೆ ಸುರಿದು ನೋಡಿದರು, ತಳದಲ್ಲಿ ಸಿಕ್ಕ ಹತ್ತಿಯನ್ನು ಮೂಗಿಗೆ ಹಿಡಿದರು. ಯಾರೋ ಗೇಟಿನ ಕಡೆ ನೋಡಿದರು, ಮೊಳೆಯಲ್ಲಿ ಕರ್ಚೀಫು ತೂಗುತ್ತಿತ್ತು. ಎಂಜಿನಿಯರ್ ನನ್ನ ಕಡೆ ತಿರುಗಿದರು, "ಈ ತೈಲ ಯಾರ ಹತ್ತಿರ ಇರುತ್ತೆ?"

"ಬೆಳ್ಳಿಯಣ್ಣನ ಹತ್ತಿರ ಯಾವಾಗಲೂ ಇರುತ್ತೆ ಸರ್."

ಒಂದಕ್ಷರವೂ ಸುಳ್ಳಲ್ಲ. ನನ್ನ ಜನ್ಮದಲ್ಲಿ ಇಷ್ಟು ದೊಡ್ಡ ಸುಳ್ಳನ್ನು ನಾನು ಇನ್ನೊಮ್ಮೆ ಹೇಳಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಕದ್ದ ನಾನು ಕೈಕಟ್ಟಿ ನಿಂತಿದ್ದೆ. ಕದಿಯದವನು ಹೆಗಲು ಮುಟ್ಟಿ ನೋಡಿಕೊಂಡ. ಬೆಳ್ಳಿಯಣ್ಣ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿದ. "ಇಲ್ಲೆ ಸರ್, ನಾ ಕೈ ತೊಳೆದೇ ಮುಟ್ಟೋದು... ಒಂದಿನ ಮರೆತೆನೋ... ಮೂಗು ಒರೆಸಿದ ಹತ್ತಿ, ನಾನೇ ಹಾಕಿದೆನೋ..." ಎಂದ. ಅವನ ದನಿ ಒಡೆಯಿತು. ನನಗೆ ಕೇಳಿಸಿತು — ಇಲ್ಲ, ಕೇಳಿಸಲಿಲ್ಲವೆಂದು ನಟಿಸಿದೆ. ಯಾಕೆ ಸುಮ್ಮನಿದ್ದೆ ಎಂದರೆ ಕಾರಣಗಳನ್ನು ಸಾಲಾಗಿ ಜೋಡಿಸಬಲ್ಲೆ. ಒಂದನ್ನೂ ಹೇಳುವುದಿಲ್ಲ. ಅವನನ್ನು ಕೆಲಸದಿಂದ ಕಳಿಸಿದರು. ಅವನ ಜಾಗಕ್ಕೆ ನಾನು ಬಂದೆ.

ಆಮೇಲೆ ಎಷ್ಟೋ ಸಲ ಕಟ್ಟಬೆಟ್ಟಿಗೆ ಹೋದೆ, ಹೇಳಲೆಂದೇ ಹೋದೆ. ನಂಜಿಯಕ್ಕ ಕಾಫಿ ಕೊಡುತ್ತಿದ್ದಳು. ಅವನು ಬಾಯಲ್ಲಿ ಉಸಿರಾಡುತ್ತ ಕುಳಿತಿರುತ್ತಿದ್ದ. ಮನೆಯೊಳಗೆ ತೈಲ ತರಕೂಡದೆಂದು ಹಟ ಹಿಡಿದಿದ್ದ. ಅಂಗಡಿಯ ಸೀಸೆ ನನ್ನ ಜೇಬಿನಲ್ಲೇ ಬಿಸಿಯಾಗುತ್ತಿತ್ತು. "ಎನ್ನ ಕೈಯ ಎನಗೇ ನಂಬೋಕಾಗಲ್ಲೆ ತಮ್ಮ," ಎಂದ ಒಮ್ಮೆ. "ಆ ಪೈಲಟ್ಟಿಗೆ ಚಿಕ್ಕ ಮಕ್ಕಳು." ನನ್ನ ಬಾಯಿ ತೆರೆಯಿತು. ಕಾಫಿ ಚೆನ್ನಾಗಿದೆ ಅಕ್ಕ, ಎಂದೆ. ಥೂ ನನ್ನ ಬಾಳಿಗೆ!

ಈ ಚಳಿಗಾಲದಲ್ಲಿ ಎದೆ ಕಟ್ಟಿ ಹೋಗಿಬಿಟ್ಟ.

ಬಡಗರಲ್ಲಿ ಒಂದು ಪದ್ಧತಿ ಇದೆ. ಹೆಣ ಎತ್ತುವ ಮೊದಲು ಹಿರಿಯರೊಬ್ಬರು ಪಾಪಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾರೆ. ಸತ್ತವನು ಮಾಡಿದ್ದೇ ಆಗಬೇಕೆಂದಿಲ್ಲ. ಮನುಷ್ಯ ಮಾಡಬಹುದಾದ್ದನ್ನೆಲ್ಲ ಹೇಳಿ ಅವನ ಭಾರ ಇಳಿಸುವುದು. ಒಂದೊಂದಕ್ಕೂ ನೆರೆದವರು "ಪಾಪ" ಎನ್ನುತ್ತಾರೆ. ನಾನು ಹಿಂದೆ ನಿಂತು ಕೇಳುತ್ತಿದ್ದೆ. ಹಿರಿಯರು ಎಲ್ಲ ಮುಗಿಸಿ ತಡೆದರು. ಬೆಳ್ಳಿ ಸಾಯುವ ಮುಂಚೆ ಒಂದನ್ನು ಸೇರಿಸಲು ಬೇಡಿಕೊಂಡಿದ್ದಾನೆ ಎಂದರು. ಆಮೇಲೆ ಅದನ್ನೂ ಅದೇ ರಾಗದಲ್ಲಿ ಹೇಳಿದರು — ಹಾರುವ ಬಂಡಿಯ ಕಣ್ಣ ಕೆಡಿಸಿದ.

"ಪಾಪ," ಎಂದಿತು ಜನ.

ನಾನು ಹೊರಗಿನವನು. ಸುಮ್ಮನಿದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಸುಮ್ಮನಿರುವುದು ನನಗೆ ಹೊಸದೂ ಅಲ್ಲ. ಆದರೂ ಎಲ್ಲರಿಗಿಂತ ಗಟ್ಟಿಯಾಗಿ ನಾನೇ ಕೂಗಿದೆ, "ಪಾಪ!"

ಎಲ್ಲ ಮುಗಿದ ಮೇಲೆ ನಂಜಿಯಕ್ಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀನೇ ಮನಸಿಟ್ಟು ಹೇಳಿದೆ ತಮ್ಮ. ಅವರ ಭಾರ ಇಳೀತು. ಎನಗ ಅಷ್ಟು ಸಾಕು," ಎಂದಳು. ಅವಳ ಕೈ ಬೆಚ್ಚಗಿತ್ತು. ಬಿಡಿಸಿಕೊಳ್ಳಲು ಆಗಲಿಲ್ಲ.

ಅವನಿಗೆ ಹೇಳುವ ಕಾಲ ಮುಗಿಯಿತು, ಅದು ಇನ್ನು ಬರುವುದಿಲ್ಲ. ಅವನ ಹೆಸರನ್ನಾದರೂ ತೊಳೆಯಬೇಕು. ನಾಳೆ ಬೆಳಗಿನ ಬಸ್ಸಿಗೆ ಕಟ್ಟಬೆಟ್ಟಿಗೆ ಹೋಗುತ್ತೇನೆ. ಅವಳಿಗೆ ಉಳಿದಿರುವುದು ಆ ಒಂದು ಸಮಾಧಾನ. ಅದನ್ನೂ ಅವಳ ಕೈಯಿಂದ ಕಿತ್ತುಕೊಳ್ಳಬೇಕಾದವನು ನಾನೇ.