ಕೌದಿಯ ಹಿಂದಿನ ಕೈ

ಟ್ರಂಕಿನಿಂದ ಅವ್ವನ ಕೌದಿ ತೆಗೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆ, ಸಂಕೋಚದ ನೆಂಟರ ಹಾಗೆ, ಅರಿಷಿಣದ್ದು. ಇಪ್ಪತ್ತೈದು ವರ್ಷ ಅರಿಷಿಣ ತನ್ನ ವಾಸನೆ ಕಾಯ್ದುಕೊಂಡೀತೇ? ನನಗೆ ನಂಬಿಕೆಯಿಲ್ಲ. ಅಂಚಿನಲ್ಲಿ ಹಳದಿ ಕಲೆಗಳಂತೂ ಇದ್ದವು. ಉಳಿದದ್ದನ್ನು ಮೂಗು ತಾನೇ ಸೇರಿಸಿಕೊಂಡಿರಬೇಕು. ನನ್ನ ನೆನಪಿನ ಕಸುಬೂ ಇದೇ. ಆದ್ದರಿಂದ ಮುಂದಿನದನ್ನು ತುಸು ಅನುಮಾನ ಇಟ್ಟುಕೊಂಡೇ ಓದಿ.

ಕೌದಿ ಕೇಳಿದವಳು ಗಂಗಾವತಿಯ ಪಲ್ಲವಿ, ನನ್ನ ಅಕ್ಕನ ಮಗಳು. ತನ್ನ ಮದುವೆಗೆ ಮುಂಚಿನ ಹೆಂಗಸರ ಕೂಟಕ್ಕೆಂದು ಮೊಬೈಲಿನಲ್ಲಿ ಆಟಗಳ ಪಟ್ಟಿ ಹುಡುಕಿಕೊಂಡಿದ್ದಳು. "ಚಿಗವ್ವ, ಫೋಟೋಕ್ಕ ಹಿಂದ ಕಟ್ಟಾಕ ಅಜ್ಜಿ ಕೌದಿ ಬೇಕು. ಹಳೇದಿದ್ದಷ್ಟೂ ಛಲೋ ಕಾಣಸ್ತೈತಿ," ಎಂದಳು. ಒಂದು ಕ್ಷಣ ಬಿಟ್ಟು, "ನೀನೂ ಬಾ," ಎಂದು ಸೇರಿಸಿದಳು. ಯಾವ ಅರ್ಥದಲ್ಲಿ ಸೇರಿಸಿದಳೋ.

ಆ ಕೌದಿ ಹಿಂದೊಮ್ಮೆ ಆಟಕ್ಕೇ ಬಂದಿತ್ತು. ಯಲಬುರ್ಗಾದ ನಮ್ಮ ಪಡಸಾಲೆಯಲ್ಲಿ, ಅಕ್ಕನ ಮದುವೆಗೆ ಬಳೆ ಇಡಿಸಿದ ದಿನ. ಬಳೆಗಾರ್ತಿ ಹುಸೇನಬಿ ಓಣಿಯ ಹೆಂಗಸರನ್ನು ಮುಖಕ್ಕಿಂತ ಮುಂಗೈಯಿಂದ ಹೆಚ್ಚು ಬಲ್ಲವಳು. ಬಳೆ ಇಟ್ಟು ಮುಗಿಸಿ ಆಟ ಹೂಡಿದವಳೂ ಅವಳೇ. ಇಬ್ಬರು ಕೌದಿಯನ್ನು ಪರದೆಯಾಗಿ ಹಿಡಿಯಬೇಕು. ಅದರ ಹಿಂದಿನಿಂದ ಒಬ್ಬೊಬ್ಬರೇ ಕೈ ಚಾಚಬೇಕು. ಕಣ್ಣು ಕಟ್ಟಿಸಿಕೊಂಡ ಮದುಮಗಳು ಮುಟ್ಟಿ ಹೆಸರು ಹೇಳಬೇಕು. ಬಳೆ ತಡವಿ ಊಹಿಸೋಣವೆಂದರೆ ಎಲ್ಲರವೂ ಅದೇ ಹಸಿರು ಗಾಜು. ತಪ್ಪು ಹೇಳಿದರೆ ಅವಳ ಕೆನ್ನೆಗೆ ಅರಿಷಿಣ.

"ಹೆಸರು ಬರೋಬರಿ ಹೇಳಿದ ಮ್ಯಾಲ ಕೈ ಒಳಗ ಹೋಗಬೇಕು ನೋಡವಾ," ಹುಸೇನಬಿ ಕಟ್ಟುನಿಟ್ಟು ಮಾಡಿದಳು. "ಹಿಡಕೊಂಡು ಕುಂದ್ರೂದು ನಡೆಯಂಗಿಲ್ಲ. ನನಗ ಇನ್ನೂ ಎರಡು ಮನಿ ಅದಾವು."

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಅಕ್ಕನ ನೀಲಿ ಸೀರೆಯನ್ನು ಹೇಳದೆ ಒಯ್ದು, ಮಸಿ ಚೆಲ್ಲಿಸಿಕೊಂಡು ತಂದಿದ್ದೆ. ಒಂದು ವಾರದಿಂದ ನಮ್ಮಿಬ್ಬರ ಮಾತು ನಿಂತಿತ್ತು. ಆದರೂ ಧೈರ್ಯವಾಗಿ ಕೈ ಚಾಚಿದೆ. ದಿನಚರಿ ಗೀಚಿ ಗೀಚಿ ನನ್ನ ನಡುಬೆರಳಿನಲ್ಲೊಂದು ಗಂಟು ಆಗಲೇ ಎದ್ದಿತ್ತು. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ಆಸ್ತಿ. ಹುಸೇನಬಿಯ ಕೈಯನ್ನೇ ಮುಟ್ಟಿದೊಡನೆ ಹೇಳಿದ್ದ ಅಕ್ಕ ನನ್ನದನ್ನು ಹಿಡಿದು, "ಪಾರಕ್ಕಂದು," ಎಂದಳು. ಅರಿಷಿಣ ಬಿತ್ತು. "ಶಾಂತಕಾಕೀದು." ಮತ್ತೆ ಅರಿಷಿಣ. ನನ್ನ ನೆನಪಿನಲ್ಲಿ ಅವಳು ಏಳು ತಪ್ಪು ಹೆಸರು ಹೇಳಿದಳು, ಅದರಲ್ಲೊಂದು ಹಾಲು ಹಾಕುವ ಬಸಪ್ಪನದು. ಕೊನೆಗೆ ಹುಸೇನಬಿಯೇ, "ಅಯ್ಯ, ನಿನ್ನ ತಂಗೀದವಾ!" ಎಂದು ಕೂಗಿ ನನ್ನ ಕೈಯನ್ನು ಒಳಗೆ ತಳ್ಳಿದಳು.

ಅಂದಿನ ದಿನಚರಿಯಲ್ಲಿ ಎರಡೇ ಸಾಲು: "ಅಕ್ಕ ನನ್ನ ಕೈ ಗುರುತಿಸಲಿಲ್ಲ. ಜಿಲೇಬಿ ಚೆನ್ನಾಗಿತ್ತು." ಏಳೂ ಇಲ್ಲ, ಬಸಪ್ಪನೂ ಇಲ್ಲ. ಅವರೆಲ್ಲ ಆಮೇಲೆ ಬಂದು ಸೇರಿಕೊಂಡವರಿರಬೇಕು. ನೋವು ಮಾತ್ರ ಮೊದಲ ದಿನವೇ ಪೂರಾ ಗಾತ್ರದಲ್ಲಿತ್ತು. ನೆಂಟರು ಕೂಡಿದಾಗಲೆಲ್ಲ ಇದನ್ನು ತಮಾಷೆಯಾಗಿ ಹೇಳುತ್ತ ಬಂದೆ. ಅಕ್ಕ ನಕ್ಕು, ಚಹಾ ನೋಡಲು ಒಳಗೆ ಹೋಗುತ್ತಿದ್ದಳು. ನೇರವಾಗಿ ಕೇಳಲು ಹೆದರಿಕೆ. "ಹೌದು, ಸಿಟ್ಟಿತ್ತು, ಬೇಕಂತಲೇ ಹೇಳಲಿಲ್ಲ," ಎಂದುಬಿಟ್ಟರೆ?

ಪಲ್ಲವಿಯ ಕೂಟ ಒಂದು ಮಧ್ಯಾಹ್ನ ನಡೆಯಿತು. ಪಟ್ಟಿಯ ಮೊದಲ ಆಟ, ಟಿಶ್ಯೂ ಪೇಪರ್ ಸುತ್ತಿ ಮದುಮಗಳ ಸೀರೆ ಮಾಡುವುದು. ಮರಳಿ ಎಂಬ ಊರಿನಿಂದ ಬಂದಿದ್ದ ನಮ್ಮ ಸೋದರತ್ತೆ ಒಂದು ಸುರುಳಿ ಹಿಡಿದು, "ಇದು ಉಡೂದೇನವಾ, ಒರಸೂದೇನು?" ಎಂದಳು. ನೆರಿಗೆ ಹಿಡಿದರೆ ಹರಿಯಿತು. ಎರಡನೆಯದು ವರನ ಬಗ್ಗೆ ಹತ್ತು ಪ್ರಶ್ನೆ. "ಅವನಿಗೆ ಇಷ್ಟದ ಬಣ್ಣ ಯಾವುದು?" "ನಮ್ಮೋನಿಗೆ ಮದಿವ್ಯಾಗಿ ನಲವತ್ತು ವರ್ಷಾತು, ನನಗ ಇನ್ನೂ ಗೊತ್ತಿಲ್ಲ," ಎಂದಳು ಅತ್ತೆ. ಮೂರನೆಯದಕ್ಕೆ ಹೆಂಗಸರು ಆಕಳಿಸತೊಡಗಿದಾಗ ಅವಳೇ ಎದ್ದು, ಗೋಡೆಗೆ ಕಟ್ಟಿದ್ದ ಕೌದಿ ಬಿಚ್ಚಿದಳು.

ಆಟ ಹತ್ತಿಕೊಂಡಿತು. ಪಲ್ಲವಿ ಆರು ಕೈ ಗುರುತಿಸಿ, ನಾಲ್ಕು ಸಲ ಅರಿಷಿಣ ತಿಂದು, "ಈಗ ಅವ್ವನ ಪಾಳಿ!" ಎಂದು ಅಕ್ಕನ ಕಣ್ಣಿಗೆ ತನ್ನ ದುಪಟ್ಟಾ ಕಟ್ಟಿದಳು. ನನ್ನನ್ನು ಯಾರೋ ಕೌದಿಯ ಹಿಂದೆ ನೂಕಿದರು. ಕೈ ಚಾಚಿದೆ. ಈ ಸಲ ಧೈರ್ಯವಿರಲಿಲ್ಲ.

"ನವಲಿ ಗೌರಕ್ಕಂದು," ಎಂದಳು ಅಕ್ಕ. ಅರಿಷಿಣ ಬಿತ್ತು. "ಹಂಗಾರ ಅತ್ತೀದು." ಅರಿಷಿಣದ ಬಟ್ಟಲು ಹಿಡಿದು ಎದುರಿಗೇ ನಿಂತಿದ್ದ ಅತ್ತೆ ತಾನೇ ಬಳಿದಳು. ಆದರೆ ಅಕ್ಕನ ಹೆಬ್ಬೆರಳು ಅಷ್ಟು ಹೊತ್ತೂ ನನ್ನ ನಡುಬೆರಳಿನ ಗಂಟನ್ನು ಮೆಲ್ಲಗೆ ಸವರುತ್ತಿತ್ತು.

ನಾನು ಕೌದಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ: "ಅಕ್ಕ, ಗೊತ್ತಾಗವಲ್ದೇನ?"

"ಗೊತ್ತಾಗೇತಿ, ಸುಮ್ಮನ ನಿಂದ್ರು. ಹೆಸರು ಹೇಳಿದ್ರ ಕೈ ಒಳಗ ಹೊಕ್ಕೈತಿ."

ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದಳು: "ಹುಸೇನಬೀದು!"

"ಆಕಿ ತೀರಿಕೊಂಡು ಹತ್ತು ವರ್ಷಾತು, ಹಚ್ಚರಿ ಈಕಿಗೆ!" ಎಂದಳು ಅತ್ತೆ. ಎರಡೂ ಕೆನ್ನೆ ತುಂಬಿತು. ನಾನು ಕೈ ಎಳೆದುಕೊಳ್ಳಲಿಲ್ಲ.

ಯಲಬುರ್ಗಾದಲ್ಲೂ ಹೀಗೇ ಆಗಿತ್ತೇ, ಅಥವಾ ನಾನು ಹೇಳುತ್ತ ಬಂದ ಕತೆಯನ್ನು ಅಕ್ಕ ಈಗ ತಿದ್ದಿಕೊಟ್ಟಳೇ? ಕೇಳಲಿಲ್ಲ. ಕೊಪ್ಪಳದ ನನ್ನ ಮನೆಗೆ ಮರಳಿದ ಮೇಲೆ ಹೊಸ ಕಲೆಗಳ ಸಮೇತ ಕೌದಿಯನ್ನು ಟ್ರಂಕಿಗಿಟ್ಟು, ಹಳೆಯ ದಿನಚರಿ ತೆಗೆದೆ. "ಗುರುತಿಸಲಿಲ್ಲ" ಎಂಬುದರ ಮುಂದೆ ಒಂದು ಪ್ರಶ್ನೆಯ ಚಿಹ್ನೆ ಹಾಕಿದೆ. ಜಿಲೇಬಿಯ ಸಾಲನ್ನು ಇದ್ದ ಹಾಗೇ ಬಿಟ್ಟೆ.